ಜಪಾನ್ ದೇಶದ ಯೋಕಾಯ್‌ಗಳೂ ಒಂದು ಮಕ್ಕಳ ಚಲಚ್ಚಿತ್ರವೂ



ಭೂತ ಪಿಶಾಚಿಗಳ ಕಥೆಯುಳ್ಳ ಚಲಚ್ಚಿತ್ರಗಳನ್ನು ಮಕ್ಕಳಿಗೆ ತೋರಿಸಬಹುದೇ, ಕೂಡದೇ ಎಂಬ ಪ್ರಶ್ನೆಯನ್ನು ತಾಯಿತಂದೆಗಳು ನಮ್ಮನ್ನು ಆಗಾಗ್ಗೆ ಕೇಳುವುದುಂಟು. ಇದು ಕೇಳತಕ್ಕ ಪ್ರಶ್ನೆಯೇ ಸರಿ. ನಡುರಾತ್ರಿಯಲ್ಲಿ ಬೆಚ್ಚಿಬಿದ್ದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ತನಕ ಕುಳಿತ ತಾಯಿಗೆ ಇದು ಬರಿಯ ಪುಸ್ತಕದ ಚರ್ಚೆಯಾಗಿರಲಾರದು. ಆದರೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸಾಧ್ಯವಲ್ಲ. ಏಕೆಂದರೆ ಮಕ್ಕಳಿಗೆ ನಾವು ಕೊಡುವ ಹೆದರಿಕೆಯಲ್ಲಿ ಎರಡು ಬಗೆಗಳಿವೆ. ಅಳುವ ಮಗುವಿನ ಬಾಯಿ ಮುಚ್ಚಿಸಲು “ಗುಮ್ಮ ಬಂದ” ಎಂದು ಹಿರಿಯರು ಬೀಸುವ ಹೆದರಿಕೆ ಒಂದು. ಮಗುವಿನ ಎದೆಯಲ್ಲಿ ತಾನಾಗಿಯೇ ಹುಟ್ಟಿದ ಹೆದರಿಕೆಗೆ ಒಂದು ಹೆಸರನ್ನೂ ರೂಪವನ್ನೂ ಕೊಟ್ಟು, ಅದನ್ನು ದಾಟುವ ಉಪಾಯವನ್ನೂ ಜೊತೆಯಲ್ಲಿಯೇ ತಿಳಿಸುವ ಕಥೆ ಇನ್ನೊಂದು. ಮೊದಲನೆಯದರಿಂದ ಮಗು ಕುಗ್ಗುತ್ತದೆ, ಎರಡನೆಯದರಿಂದ ಬೆಳೆಯುತ್ತದೆ. ಈ ವ್ಯತ್ಯಾಸವನ್ನು ಜಪಾನ್ ದೇಶದ ಒಂದು ಮಕ್ಕಳ ಚಿತ್ರದ ಮೂಲಕ ವಿವರಿಸಬೇಕೆಂದು ನಮ್ಮ ಉದ್ದೇಶ.

ಆ ಚಿತ್ರದ ಹೆಸರು ‘ಯೋಕಾಯ್ ದಾಯ್‌ಸೆನ್ಸೋ’, ಎಂದರೆ ಯೋಕಾಯ್‌ಗಳ ಮಹಾಯುದ್ಧ. ತಕಾಶಿ ಮೀಕೆ ಎಂಬವರು ನಿರ್ದೇಶಿಸಿದ ಈ ಚಿತ್ರವು ೨೦೦೫ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ೧೯೪೫ರಲ್ಲಿ ಸ್ಥಾಪಿತವಾದ ಕದೊಕಾವ ಎಂಬ ಗ್ರಂಥ ಪ್ರಕಾಶನ ಸಂಸ್ಥೆಗೆ ಅರುವತ್ತು ವರ್ಷ ತುಂಬಿದ ನೆನಪಿಗಾಗಿ ಇದನ್ನು ತಯಾರಿಸಿದರು. ಇದೇ ಹೆಸರಿನ ಚಿತ್ರವೊಂದು ೧೯೬೮ರಲ್ಲಿಯೇ ಬಂದಿತ್ತು. ಬಾಬಿಲೋನಿಯದ ಹಾಳುದಿಬ್ಬಗಳಿಂದ ಎದ್ದುಬಂದ ಒಬ್ಬ ರಾಕ್ಷಸನನ್ನು ಜಪಾನಿನ ಹಳ್ಳಿಗಾಡಿನ ಯೋಕಾಯ್‌ಗಳೆಲ್ಲ ಕೂಡಿ ಓಡಿಸುವುದೇ ಆ ಹಳೆಯ ಚಿತ್ರದ ಕಥೆ. ೨೦೦೫ರ ಚಿತ್ರವು ಹೆಸರನ್ನೂ ಯೋಕಾಯ್‌ಗಳ ಸೇನೆಯನ್ನೂ ಅದರಿಂದ ಪಡೆದು, ಕಥೆಯನ್ನು ಮಾತ್ರ ಈ ಕಾಲದ ಒಬ್ಬ ಬಾಲಕನ ಸುತ್ತ ಹೊಸದಾಗಿ ಹೆಣೆದುಕೊಂಡಿತು. ೨೦೨೧ರಲ್ಲಿ ಅದೇ ನಿರ್ದೇಶಕರು ಈ ಸಾಲಿನಲ್ಲಿ ಮತ್ತೊಂದು ಚಿತ್ರವನ್ನು ಮಾಡಿದರು. ನಾವು ಇಲ್ಲಿ ಹೇಳಹೊರಟಿರುವುದು ನಡುವಣ ಚಿತ್ರದ ವಿಚಾರ.

ಯೋಕಾಯ್ ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ಈ ಮಾತನ್ನು ದೆವ್ವವೆಂದು ಕನ್ನಡಿಸಿದರೆ ಅರ್ಥ ಕೆಡುವುದು. ಸತ್ತವರ ಪ್ರೇತಕ್ಕೆ ಜಪಾನೀಯರು ಯೂರೆಯ್ ಎಂಬ ಬೇರೆ ಹೆಸರನ್ನಿಟ್ಟಿದ್ದಾರೆ. ಕಾರಣ ತಿಳಿಯದ ಸಪ್ಪಳ, ಕತ್ತಲಲ್ಲಿ ಕಾಲಿಗೆ ತಗುಲಿದ ಏನೋ ಒಂದು, ಹೊಳೆಯ ಸುಳಿ, ಹಳೆಯ ಮನೆಯ ಮೂಲೆ, ಇಂಥವುಗಳಿಂದ ಮನಸ್ಸಿನಲ್ಲಿ ಏಳುವ ಸೋಜಿಗಕ್ಕೂ ಅಂಜಿಕೆಗೂ ಮೈ ಮುಖ ಮೂಡಿದರೆ ಅದು ಯೋಕಾಯ್. ಅವುಗಳಲ್ಲಿ ಕ್ರೂರವಾದವುಗಳುಂಟು, ತುಂಟವುಗಳುಂಟು, ಯಾರಿಗೂ ಕೇಡು ಬಯಸದ ಸಾಧುಗಳೂ ಉಂಟು.

ಕೆಲವನ್ನು ಹೆಸರಿಸಿದರೆ ವಿಷಯವು ಸ್ಪಷ್ಟವಾದೀತು. ಕಪ್ಪಾ ಎಂಬುದು ಹೊಳೆ ಕೊಳಗಳಲ್ಲಿ ವಾಸಿಸತಕ್ಕದ್ದು. ಗಾತ್ರದಲ್ಲಿ ಚಿಕ್ಕ ಮಗುವಿನಷ್ಟು. ಬೆನ್ನಿಗೆ ಆಮೆಯಂಥ ಚಿಪ್ಪು. ನೆತ್ತಿಯಲ್ಲಿ ತಟ್ಟೆಯಂಥ ಕುಳಿ, ಆ ಕುಳಿಯಲ್ಲಿ ನೀರು. ಆ ನೀರು ಇರುವ ತನಕ ಅದರ ಬಲಕ್ಕೆ ಎಣೆಯಿಲ್ಲ. ಈಜಲು ಇಳಿದ ಮಕ್ಕಳನ್ನು ಅದು ಒಳಕ್ಕೆಳೆಯುವುದೆಂದು ಹೇಳುತ್ತಾರೆ. ಆದರೆ ಅದು ಬಹು ಮರ್ಯಾದಸ್ಥ ಪ್ರಾಣಿ. ನೀವು ತಲೆಬಾಗಿ ವಂದಿಸಿದರೆ ಅದೂ ತಲೆಬಾಗಿ ವಂದಿಸುವುದು. ಆಗ ನೆತ್ತಿಯ ನೀರು ಚೆಲ್ಲಿಹೋಗಿ ಅದರ ಶಕ್ತಿಯೆಲ್ಲ ಇಳಿಯುವುದು. ಸೌತೆಕಾಯಿಯೆಂದರೆ ಅದಕ್ಕೆ ಪ್ರಾಣ. ಜಪಾನಿನ ಊಟದಂಗಡಿಗಳಲ್ಲಿ ಅನ್ನದೊಳಗೆ ಸೌತೆಕಾಯಿಯನ್ನಿಟ್ಟು ಸುತ್ತಿದ ಸುಶಿಯನ್ನು ಈಗಲೂ ಕಪ್ಪಾಮಾಕಿ ಎಂದೇ ಕರೆಯುತ್ತಾರೆ.

ಅಜುಕಿಅರಾಯ್ ಎಂಬುದು ಹಳ್ಳದ ಬದಿಯಲ್ಲಿ ಕುಳಿತು ಅಜುಕಿ ಎಂಬ ಕೆಂಪು ಕಾಳನ್ನು ತೊಳೆಯುವ ಯೋಕಾಯ್. ಅದು ಕಣ್ಣಿಗೆ ಬೀಳುವುದು ಅಪರೂಪ. ನೀರಿನಲ್ಲಿ ಕಾಳು ಉಜ್ಜುವ ಸರಸರ ಸದ್ದು ಮಾತ್ರ ಕೇಳಿಸುವುದು. ನುರಿಕಾಬೆ ಎಂದರೆ ಗಾರೆ ಬಳಿದ ಗೋಡೆ. ರಾತ್ರಿ ದಾರಿ ನಡೆಯುವವರ ಮುಂದೆ ಕಣ್ಣಿಗೆ ಕಾಣದ ಗೋಡೆಯೊಂದು ತಟಕ್ಕನೆ ಅಡ್ಡ ನಿಲ್ಲುವುದೆಂದು ಕ್ಯೂಶೂ ದ್ವೀಪದ ಫುಕುವೋಕ ಸೀಮೆಯ ಜನರು ಹೇಳುತ್ತಿದ್ದರು. ಅದರ ಮೇಲ್ಭಾಗವನ್ನು ಬಡಿದರೆ ಪ್ರಯೋಜನವಿಲ್ಲ. ಕೋಲಿನಿಂದ ಬುಡವನ್ನು ತಟ್ಟಿದರೆ ದಾರಿ ಬಿಡುವುದು. ಇನ್ನು ಬೆತೊಬೆತೊಸಾನ್ ಎಂಬುದಕ್ಕೆ ರೂಪವೇ ಇಲ್ಲ; ಕತ್ತಲಲ್ಲಿ ಒಂಟಿಯಾಗಿ ಹೋಗುವವರ ಹಿಂದೆ ಕೇಳಿಸುವ ಹೆಜ್ಜೆಯ ಸಪ್ಪಳವೇ ಅದು. ಓಡಿದರೆ ಅದೂ ಓಡುವುದು. ಬದಲಿಗೆ ದಾರಿಯ ಬದಿಗೆ ಸರಿದು ನಿಂತು, “ಬೆತೊಬೆತೊಸಾನ್, ತಾವು ಮುಂದೆ ದಯಮಾಡಿಸಿರಿ” ಎಂದು ವಿನಯದಿಂದ ಹೇಳಿದರೆ ಸಪ್ಪಳವು ನಿಂತುಹೋಗುವುದು.

ಓದುಗರು ಗಮನಿಸಬೇಕಾದ ಅಂಶವು ಇಲ್ಲಿಯೇ ಇದೆ. ಭಯವನ್ನು ಹೇಳಿದ ಬಾಯಿಯೇ ಉಪಾಯವನ್ನೂ ಹೇಳಿದೆ. ಆ ಉಪಾಯಗಳಾದರೂ ಎಂಥವು? ತಲೆಬಾಗಿ ವಂದಿಸುವುದು, ದಾರಿ ಬಿಟ್ಟು ನಿಲ್ಲುವುದು, ಗಾಬರಿಗೊಳ್ಳದೆ ಬುಡವನ್ನು ನೋಡುವುದು. ಸಣ್ಣ ಮಗುವಿನ ಕೈಲಾಗದ ಕೆಲಸ ಇದರಲ್ಲಿ ಒಂದೂ ಇಲ್ಲ.

ಈಗ ಚಿತ್ರದ ಕಥೆಗೆ ಬರೋಣ. ತದಾಶಿ ಎಂಬ ಬಾಲಕನ ತಾಯಿತಂದೆಗಳು ಬೇರೆಯಾಗಿದ್ದಾರೆ. ಅಕ್ಕನು ತಂದೆಯೊಡನೆ ತೋಕಿಯೋ ನಗರದಲ್ಲಿ ಉಳಿದಿದ್ದಾಳೆ. ಹುಡುಗನು ತಾಯಿಯೊಡನೆ ಪಶ್ಚಿಮ ಜಪಾನಿನ ತೊತ್ತೊರಿ ಸೀಮೆಗೆ, ತಾತನ ಮನೆಗೆ ಬಂದಿದ್ದಾನೆ. ತಾತನಿಗೆ ವಯಸ್ಸಾಗಿ ನೆನಪು ಮಸುಕಾಗಿದೆ. ಪಟ್ಟಣದಿಂದ ಬಂದ ಪುಕ್ಕಲನೆಂದು ಶಾಲೆಯ ಹುಡುಗರು ಇವನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಒಂದು ದಿನ ಊರ ಜಾತ್ರೆಯಲ್ಲಿ ಕಿರಿನ್ ಎಂಬ ಪುರಾಣಮೃಗದ ಮುಖವಾಡ ತೊಟ್ಟು ಕುಣಿಯುವವರು ಇವನ ತಲೆಯನ್ನು ಕಚ್ಚಿದಂತೆ ಮಾಡುತ್ತಾರೆ. ಇದು ಶುಭಸೂಚಕ; ಆ ವರುಷದ ‘ಕಿರಿನ್ ಸವಾರ’ನೆಂದು ಅವನನ್ನು ಆರಿಸಿದಂತೆ. ಕಿರಿನ್ ಮುಖವಾಡದ ಈ ಕುಣಿತವು ಚಿತ್ರಕ್ಕಾಗಿ ಕಲ್ಪಿಸಿದ್ದಲ್ಲ. ತೊತ್ತೊರಿಯ ಪೂರ್ವಭಾಗದ ದೇವಸ್ಥಾನಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರತಕ್ಕದ್ದು.

ಕಿರಿನ್ ಸವಾರನಾದವನು ಬೆಟ್ಟದ ಗವಿಗೆ ಹೋಗಿ ಮಹಾ ತೆಂಗುವಿನಿಂದ ಖಡ್ಗವನ್ನು ಪಡೆದು ತರಬೇಕಂತೆ. ತೆಂಗು ಎಂಬ ಹೆಸರನ್ನು ಕೇಳಿ ನಮ್ಮ ಮಕ್ಕಳು ನಕ್ಕಾರು. ಅದು ನಮ್ಮ ತೋಟದ ತೆಂಗಲ್ಲ, ಕೆಂಪು ಮುಖದ, ಉದ್ದ ಮೂಗಿನ, ಬೆಟ್ಟಗಾಡಿನ ಯೋಕಾಯ್. ತದಾಶಿಯು ಬೆಟ್ಟ ಹತ್ತತೊಡಗಿ, ಹೆದರಿ, ಹಿಂದಕ್ಕೆ ಓಡಿಬರುತ್ತಾನೆ. ನಮ್ಮ ಎಣಿಕೆಯಲ್ಲಿ ಇದು ಚಿತ್ರದ ಬಲು ದೊಡ್ಡ ಗುಣ. ಕಥಾನಾಯಕನು ಮೊದಲ ಸಲ ಓಡಿಯೇ ಹೋಗುತ್ತಾನೆ. ಅದಕ್ಕಾಗಿ ಅವನನ್ನು ಕಥೆಯು ಹೀಯಾಳಿಸುವುದಿಲ್ಲ. ಮರಳುವ ದಾರಿಯಲ್ಲಿ, ಬಸ್ಸಿನೊಳಗೆ, ಗಾಯಗೊಂಡ ಪುಟ್ಟ ಪ್ರಾಣಿಯೊಂದು ಅವನಿಗೆ ಸಿಕ್ಕುತ್ತದೆ. ಅದರ ಹೆಸರು ಸುನೆಕೊಸುರಿ, ಎಂದರೆ ಮೊಣಕಾಲ ಕೆಳಗಿನ ಎಲುಬಿಗೆ ಮೈ ಉಜ್ಜತಕ್ಕದ್ದು. ಮಳೆ ಸುರಿಯುವ ರಾತ್ರಿ ನಡೆದುಹೋಗುವವರ ಕಾಲಿಗೆ ಮೈ ತಿಕ್ಕಿ ಹೋಗುವುದಲ್ಲದೆ ಬೇರೆ ಕೇಡನ್ನು ಮಾಡದ ಈ ಯೋಕಾಯ್ ಒಕಾಯಾಮ ಸೀಮೆಯ ಜನರ ಮಾತಿನಿಂದ ಬಂದದ್ದು. ತನಗಿಂತ ದುರ್ಬಲವಾದ ಜೀವವೊಂದು ಮಡಿಲಿಗೆ ಬಂದ ಮೇಲೆ ಹುಡುಗನು ಎರಡನೆಯ ಸಲ ಬೆಟ್ಟಕ್ಕೆ ಹೋಗುತ್ತಾನೆ.

ಅಲ್ಲಿ ಅವನಿಗೆ ಕವತಾರೊ ಎಂಬ ಕಪ್ಪಾ, ಹೊಳೆಯ ರಾಜಕುಮಾರಿ ಕವಹಿಮೆ, ಕಿರಿನ್ ಸವಾರನಿಗೆ ದಾರಿ ತೋರುವ ಶೋಜೊ ಎಂಬ ಕೆಂಪು ಮುಖದ ಯೋಕಾಯ್ ಮುಂತಾದವರ ಗೆಳೆತನವಾಗುತ್ತದೆ. ಎದುರಾಳಿಯ ಹೆಸರು ಕಾತೊ. ಹಿಂದಿನ ಕಾಲದಲ್ಲಿ ತುಳಿತಕ್ಕೊಳಗಾಗಿ ಅಳಿದ ಜನರ ಸೇಡನ್ನು ಈ ಕಾಲದ ಜನರ ಮೇಲೆ ತೀರಿಸಿಕೊಳ್ಳುವುದು ಅವನ ಹಟ. ಅದಕ್ಕಾಗಿ ಅವನು ಯೊಮೊತ್ಸುಮೊನೊ ಎಂಬ ಬೆಂಕಿಯ ಪಿಂಡವನ್ನು ಎಬ್ಬಿಸುತ್ತಾನೆ. ಮನುಷ್ಯರು ಉಪಯೋಗಿಸಿ, ಒಂದು ಮಾತಿನ ಉಪಕಾರಸ್ಮರಣೆಯೂ ಇಲ್ಲದೆ ಎಸೆದುಬಿಟ್ಟ ವಸ್ತುಗಳ ಕೊರಗೆಲ್ಲ ಗಟ್ಟಿಗೊಂಡು ಆದದ್ದೇ ಅದು. ಯೋಕಾಯ್‌ಗಳನ್ನು ಹಿಡಿದುತಂದು ಆ ಕುಲುಮೆಗೆ ತಳ್ಳಿದರೆ ಅವು ಹಳೆಯ ಕಬ್ಬಿಣದೊಡನೆ ಕರಗಿ ಬೆರೆತು ಯಂತ್ರದ ಮೃಗಗಳಾಗಿ ಹೊರಬರುತ್ತವೆ. ಸುನೆಕೊಸುರಿಗೂ ಇದೇ ಗತಿಯಾಗುತ್ತದೆ. ತನ್ನ ಮುದ್ದಿನ ಗೆಳೆಯನೊಡನೆಯೇ ತದಾಶಿಯು ಹೋರಾಡಬೇಕಾಗುತ್ತದೆ.

ಹೋರಾಟದ ಕೊನೆಯನ್ನು ನೋಡಿದವರು ನಗದಿರಲಾರರು. ತೋಕಿಯೋ ನಗರದ ಮೇಲೆ ಆ ಬೆಂಕಿಯ ಪಿಂಡವು ಬಂದು ಎರಗಿದಾಗ ದೇಶದ ಮೂಲೆಮೂಲೆಗಳಿಂದ ಯೋಕಾಯ್‌ಗಳು ಲೆಕ್ಕವಿಲ್ಲದಷ್ಟು ಬಂದು ಸೇರುತ್ತವೆ. ಯುದ್ಧಕ್ಕೆಂದು ಬಂದವುಗಳಲ್ಲ ಅವು. ಯಾವುದೋ ದೊಡ್ಡ ಜಾತ್ರೆ ನಡೆಯುತ್ತಿದೆಯೆಂದು ತಿಳಿದು ಕುಣಿಯುತ್ತ ಬಂದವು. ಕಾತೊವಿನ ನಾಶವಾದರೂ ಖಡ್ಗದಿಂದ ಆಗುವುದಿಲ್ಲ. ಅಂಜುಬುರುಕನಾದ ಅಜುಕಿಅರಾಯ್‌ನ ಕೈಯ ಒಂದು ಕೆಂಪು ಕಾಳು ಜಾರಿ ಆ ಬೆಂಕಿಯೊಳಗೆ ಬೀಳುತ್ತದೆ. ದ್ವೇಷವೊಂದರಿಂದಲೇ ಕಟ್ಟಿದ ಆ ಪಿಂಡದೊಳಗೆ, ಯಾರೋ ಅಕ್ಕರೆಯಿಂದ ತೊಳೆದಿಟ್ಟ ಕಾಳೊಂದು ಬೆರೆತದ್ದೇ ತಡ, ಅಷ್ಟೂ ಒಡೆದು ಚೂರಾಗುತ್ತದೆ. ಅಜುಕಿಯು ಜಪಾನೀಯರ ಮನೆಗಳಲ್ಲಿ ಶುಭದಿನಗಳಂದು ಅನ್ನದೊಡನೆ ಬೇಯಿಸುವ ಕಾಳು. ಅವರ ಸಿಹಿತಿಂಡಿಗಳ ಹೂರಣವೂ ಅದರಿಂದಲೇ ಆಗುವುದು. ಅಡುಗೆಮನೆಯ ಕಾಳೊಂದು ಲೋಕವನ್ನು ಉಳಿಸಿತೆಂಬ ಕಲ್ಪನೆಯು ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ವಿಶೇಷವಾಗಿ ಮೆಚ್ಚಿಕೆಯಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಎಸೆದ ವಸ್ತುಗಳಿಗೆ ಕೊರಗು ಉಂಟೆಂಬ ಈ ಭಾವನೆಯು ಚಿತ್ರಕಾರರು ಹೊಸದಾಗಿ ಹೊಸೆದದ್ದಲ್ಲ. ಮನೆಯ ಪಾತ್ರೆ, ಕೊಡೆ, ದೀಪ, ಚಪ್ಪಲಿ ಮುಂತಾದವು ನೂರು ವರುಷ ಬಾಳಿದರೆ ಅವುಗಳೊಳಗೆ ಜೀವ ಸೇರುವುದೆಂಬ ನಂಬಿಕೆ ಜಪಾನಿನಲ್ಲಿ ಬಹು ಹಳೆಯದು. ಅಂಥ ವಸ್ತುಗಳಿಗೆ ತ್ಸುಕುಮೊಗಾಮಿ ಎಂದು ಹೆಸರು. ಒಂದೇ ಕಣ್ಣು, ಒಂದೇ ಕಾಲುಳ್ಳ ಹಳೆಯ ಕಾಗದದ ಕೊಡೆಯ ಚಿತ್ರವನ್ನು ನಿಮ್ಮಲ್ಲಿ ಕೆಲವರು ಎಲ್ಲಿಯಾದರೂ ನೋಡಿರಬಹುದು. ಸುಮಾರು ಐದುನೂರು ವರ್ಷಗಳ ಹಿಂದಿನ ಜಪಾನೀ ಚಿತ್ರಸುರುಳಿಗಳಲ್ಲಿ, ವರುಷದ ಕೊನೆಯ ಮನೆ ಗುಡಿಸುವ ಹೊತ್ತಿನಲ್ಲಿ ಬೀದಿಗೆಸೆದ ಹಳೆಯ ಸಾಮಾನುಗಳು ಒಟ್ಟುಗೂಡಿ, “ಇಷ್ಟು ಕಾಲ ದುಡಿಸಿಕೊಂಡು ನಮ್ಮನ್ನು ಹೀಗೆ ಮಾಡಬಹುದೇ?” ಎಂದು ಮುನಿದು ರಕ್ಕಸರಾಗುವ ಕಥೆಯುಂಟು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಫೆಬ್ರವರಿ ೮ನೆಯ ತಾರೀಕು, ಕೆಲವೆಡೆ ಡಿಸೆಂಬರ್ ೮ರಂದು, ಜಪಾನಿನ ಹೆಂಗಸರು ಹರಿಕುಯೋ ಎಂಬ ಒಂದು ಆಚರಣೆಯನ್ನು ನಡೆಯಿಸುತ್ತಾರೆ. ಆ ದಿನ ಹೊಲಿಗೆಯ ಕೆಲಸವನ್ನು ನಿಲ್ಲಿಸಿ, ಮುರಿದ ಮತ್ತು ಮೊಂಡಾದ ಸೂಜಿಗಳನ್ನು ದೇವಾಲಯಕ್ಕೆ ಒಯ್ದು, ತೋಫು ಎಂಬ ಮೆತ್ತನೆಯ ಸೋಯಾ ಗಡ್ಡೆಯಲ್ಲಿ ಚುಚ್ಚಿಟ್ಟು, ಅವುಗಳ ದುಡಿಮೆಗೆ ಕೃತಜ್ಞತೆಯನ್ನು ಸಲ್ಲಿಸಿ ಬರುತ್ತಾರೆ. ವರುಷವೆಲ್ಲ ಗಟ್ಟಿ ಬಟ್ಟೆಯನ್ನು ಚುಚ್ಚಿ ದಣಿದ ಸೂಜಿಗೆ ಕಡೆಗಾದರೂ ಮೆತ್ತನೆಯ ಹಾಸಿಗೆ ದೊರೆಯಲೆಂಬುದು ಅದರ ಭಾವ. ತೋಕಿಯೋ ನಗರದ ಅಸಾಕುಸದಲ್ಲಿರುವ ಸೆನ್ಸೋಜಿ ದೇವಾಲಯದಲ್ಲಿ ಇದು ಪ್ರತಿವರ್ಷವೂ ನಡೆಯುತ್ತದೆ. ಹೊಲಿಗೆಯ ತರಗತಿಯಲ್ಲಿ ಸೂಜಿಯನ್ನು ಕಳೆದು ಬೈಸಿಕೊಂಡ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಸೂಜಿಯ ಬೆಲೆಯನ್ನು ನಾವು ಹೊಸದಾಗಿ ಹೇಳಬೇಕಾಗಿಲ್ಲ. ವಸ್ತುವಿಗೆ ಜೀವವಿದೆಯೆಂದು ನಾವಾರೂ ಮಕ್ಕಳಿಗೆ ಕಲಿಸುವುದಿಲ್ಲ. ಆದರೆ ಕೆಲಸ ಮುಗಿದೊಡನೆ ಎಸೆಯುವ ಕೈ ವಸ್ತುಗಳನ್ನು ಎಸೆಯುವುದರಲ್ಲಿಯೇ ನಿಲ್ಲುವುದಿಲ್ಲ. ವಯಸ್ಸಾದ ಆಳುಕಾಳುಗಳನ್ನೂ ಮುದುಕರಾದ ಹೆತ್ತವರನ್ನೂ ಅದೇ ಕೈ ಬದಿಗೆ ಸರಿಸಲು ಕಲಿಯುತ್ತದೆಂಬುದನ್ನು ಮಾತ್ರ ಕಲಿಸಲೇಬೇಕು.

ಚಿತ್ರದ ಕವಹಿಮೆಯು ಇಂಥ ನೋವನ್ನು ಅನುಭವಿಸಿದವಳು. ಮನುಷ್ಯರು ಬೇಡವೆಂದು ಎಸೆದದ್ದರಿಂದ ಹುಟ್ಟಿದವಳು ಅವಳು. ಕಾತೊವಿನ ಪಕ್ಷವನ್ನು ಸೇರುವುದಕ್ಕೆ ಅವಳಿಗೆ ಕಾರಣವಿತ್ತು. ಆದರೂ ಅವಳು ಸೇಡನ್ನು ಒಲ್ಲೆನೆಂದು ಬಿಡುತ್ತಾಳೆ. ಒಂದೇ ಬಗೆಯ ಅನ್ಯಾಯಕ್ಕೆ ಒಳಗಾದ ಇಬ್ಬರಲ್ಲಿ ಒಬ್ಬನು ಬೆಂಕಿಯನ್ನು ಹಚ್ಚುತ್ತಾನೆ, ಇನ್ನೊಬ್ಬಳು ಹಚ್ಚುವುದಿಲ್ಲ. ಮಕ್ಕಳೊಡನೆ ಕುಳಿತು ಚಿತ್ರವನ್ನು ನೋಡುವ ಹಿರಿಯರು ಈ ಒಂದು ಅಂಶವನ್ನು ಮಾತಿಗೆ ತಂದರೆ ಸಾಕು, ನೀತಿಪಾಠದ ಒಂದು ಗಂಟೆಯ ಕೆಲಸ ನಡೆದಂತಾಯಿತು.

ಈ ಚಿತ್ರದ ಹಿಂದೆ ಒಬ್ಬ ಮುದುಕಿಯ ನೆರಳಿದೆ. ಯೋಕಾಯ್‌ಗಳನ್ನು ಈ ಕಾಲದ ಜಪಾನೀ ಮಕ್ಕಳ ಮನೆಮಾತಾಗಿ ಮಾಡಿದ ಚಿತ್ರಕಥೆಗಾರರಾದ ಮಿಜುಕಿ ಶಿಗೆರು ಅವರು ೧೯೨೨ರಲ್ಲಿ ಹುಟ್ಟಿ, ತೊತ್ತೊರಿ ಸೀಮೆಯ ಸಕಾಯ್‌ಮಿನಾತೊ ಎಂಬ ಕಡಲತೀರದ ಊರಿನಲ್ಲಿ ಬೆಳೆದರು. ನೆರೆಯಲ್ಲಿ ಒಬ್ಬ ಬಡ ಮುದುಕಿಯಿದ್ದಳು. ಊರವರು ಅವಳನ್ನು ನೊನ್‌ನೊನ್‌ಬಾ ಎಂದು ಕರೆಯುತ್ತಿದ್ದರು. ದೇವರ ಸೇವೆ ಮಾಡಿಕೊಂಡಿರುವ ಅಜ್ಜಿಯೆಂದು ಅದರ ತಾತ್ಪರ್ಯ. ಮಿಜುಕಿಯವರ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅವಳು ಹುಡುಗನಿಗೆ ಯೋಕಾಯ್‌ಗಳ ಕಥೆಯನ್ನು ಹೇಳುತ್ತಿದ್ದಳು. ಮಾಳಿಗೆಯ ಒಳಮೈಯಲ್ಲಿ ಕಲೆ ಕಂಡರೆ, ರಾತ್ರಿ ಮಾಳಿಗೆ ನೆಕ್ಕುವ ಯೋಕಾಯ್ ಬಂದಿತ್ತೆಂದು ಹೇಳುವಳು. ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸಿದರೆ ಬೆತೊಬೆತೊಸಾನ್‌ಗೆ ದಾರಿ ಬಿಡಲು ಕಲಿಸುವಳು. ಆ ಅಜ್ಜಿಯ ಹೆಸರಿನಿಂದ ಮಿಜುಕಿಯವರು ಪ್ರಕಟಿಸಿದ ಚಿತ್ರಕಥೆಯು, ೨೦೦೭ರಲ್ಲಿ ಫ್ರಾನ್ಸ್ ದೇಶದ ಆಂಗೂಲೇಮ್ ಚಿತ್ರಕಥಾ ಉತ್ಸವದಲ್ಲಿ ಆ ವರ್ಷದ ಅತ್ಯುತ್ತಮ ಗ್ರಂಥವೆಂಬ ಬಹುಮಾನವನ್ನು ಪಡೆಯಿತು.

ಆದರೆ ಆ ಹುಡುಗನು ಬೆಳೆದು ಕಂಡ ಭಯವೇ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸಿ ದಕ್ಷಿಣ ಸಮುದ್ರದ ನ್ಯೂ ಬ್ರಿಟನ್ ದ್ವೀಪಕ್ಕೆ ಕಳುಹಿಸಿದರು. ಅಲ್ಲಿ ಮಲೇರಿಯಾ ಜ್ವರದಿಂದ ನರಳಿದರು. ಜೊತೆಯವರ ಸಾವನ್ನು ಕಂಡರು. ವಿಮಾನದಾಳಿಯಲ್ಲಿ ಎಡಗೈಯನ್ನು ಕಳೆದುಕೊಂಡರು. ಕತ್ತಲ ಕಾಡಿನಲ್ಲಿ ತಪ್ಪಿಸಿಕೊಂಡು ಬರುತ್ತಿರುವಾಗ ನುರಿಕಾಬೆಯಂಥ ಕಾಣದ ಗೋಡೆಯೊಂದು ತಮಗೆ ಅಡ್ಡ ನಿಂತಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಊರಿಗೆ ಮರಳಿದ ಮೇಲೆ ಉಳಿದ ಒಂದು ಬಲಗೈಯಿಂದಲೇ ಚಿತ್ರ ಬರೆದು ಜೀವನ ನಡೆಸಿದರು. ಕಿತಾರೊ ಎಂಬ ಯೋಕಾಯ್ ಬಾಲಕನ ಅವರ ಕಥೆಗಳನ್ನು ಜಪಾನಿನ ಹಲವು ತಲೆಮಾರಿನ ಮಕ್ಕಳು ಓದಿ ಬೆಳೆದಿದ್ದಾರೆ. ಸಕಾಯ್‌ಮಿನಾತೊದಲ್ಲಿ ಅವರ ಹೆಸರಿನ ಬೀದಿಯ ಇಕ್ಕೆಲಗಳಲ್ಲಿ ಯೋಕಾಯ್‌ಗಳ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದ್ದಾರೆ. ೧೯೯೩ರಲ್ಲಿ ೨೩ ಇದ್ದ ಪ್ರತಿಮೆಗಳು ೨೦೧೮ರ ಹೊತ್ತಿಗೆ ೧೭೭ ಆದವು. ಮಿಜುಕಿಯವರು ೨೦೧೫ರಲ್ಲಿ ತೀರಿಕೊಂಡರು.

ಯೋಕಾಯ್‌ಗಳ ಮಹಾಯುದ್ಧದ ಚಿತ್ರದಲ್ಲಿ ಕೊನೆಗೆ ಯೋಕಾಯ್‌ಗಳ ಅರಸನ ವೇಷದಲ್ಲಿ ಕ್ಷಣಕಾಲ ಕಾಣಿಸಿಕೊಳ್ಳುವವರು ಈ ಮಿಜುಕಿಯವರೇ. ಆಗ ಅವರಿಗೆ ಎಂಬತ್ತಮೂರು ವರ್ಷ. ಗೆದ್ದೆವೆಂದು ಯಾರೂ ಬೀಗದಿರಲಿ, ಯುದ್ಧವೆಂಬುದು ಹುಚ್ಚುತನ, ಅದರಿಂದ ಹೊಟ್ಟೆ ಹಸಿಯುವುದಲ್ಲದೆ ಮತ್ತೇನೂ ಆಗದೆಂಬ ಅರ್ಥದ ಮಾತು ಅವರ ಬಾಯಿಂದ ಬರುತ್ತದೆ. ಎರಡು ಗಂಟೆಯ ಕಾಳಗದ ಕಥೆಗೆ ಇದು ವಿಚಿತ್ರವಾದ ಮಂಗಳವೆಂದು ತೋರಬಹುದು. ಆದರೆ ಹೇಳಿದವರ ತೋಳನ್ನು ನೋಡಿದರೆ ಆ ಮಾತಿನ ತೂಕವು ತಿಳಿಯುವುದು. ಅಜ್ಜಿಯ ಕಥೆಯ ಯಾವ ಯೋಕಾಯ್ ಕೂಡ ಆ ಹುಡುಗನ ಕೈಯನ್ನು ಕಿತ್ತುಕೊಂಡಿರಲಿಲ್ಲ; ಕಿತ್ತುಕೊಂಡದ್ದು ಮನುಷ್ಯರ ಯುದ್ಧ.

ಈ ಪ್ರಾಣಿಗಳೆಲ್ಲ ನಿಜವೇ ಎಂದು ಮಗು ಕೇಳಿದರೆ ಏನು ಹೇಳಬೇಕು? ಜಪಾನಿನ ಇಬ್ಬರು ವಿದ್ವಾಂಸರು ಇದಕ್ಕೆ ಎರಡು ದಾರಿಗಳನ್ನು ತೋರಿಸಿದ್ದಾರೆ. ೧೮೮೭ರಲ್ಲಿ ತೋಕಿಯೋ ನಗರದಲ್ಲಿ ತತ್ತ್ವಶಾಸ್ತ್ರದ ಶಾಲೆಯನ್ನು ಸ್ಥಾಪಿಸಿದ ಇನೋವೆ ಎನ್ರ್ಯೋ ಎಂಬವರು ಊರೂರು ತಿರುಗಿ ಇಂಥ ಸುದ್ದಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲಿಗೆ ಸಹಜ ಕಾರಣಗಳನ್ನು ತೋರಿಸಿಕೊಟ್ಟರು. ಮೂರು ಬಿದಿರುಕಡ್ಡಿಗಳ ಮೇಲೆ ಮುಚ್ಚಳವನ್ನಿಟ್ಟು ಕಣಿ ಕೇಳುವ ಆಟದಲ್ಲಿ ಅದನ್ನು ಅಲುಗಿಸುವುದು ದೆವ್ವವಲ್ಲ, ಹಿಡಿದವರಿಗೇ ತಿಳಿಯದಂತೆ ಅವರ ಕೈಯೇ ಎಂದು ವಿವರಿಸಿದವರು ಅವರು. ಜನರು ಅವರನ್ನು ಯೋಕಾಯ್ ಪಂಡಿತರೆಂದೇ ಕರೆದರು. ಯಾನಗಿತ ಕುನಿಯೊ ಎಂಬ ಮತ್ತೊಬ್ಬರು, ಕಥೆಗಳನ್ನು ಅಲ್ಲಗಳೆಯುವ ಗೊಡವೆಗೆ ಹೋಗದೆ, ತೋನೊ ಎಂಬ ಬೆಟ್ಟದ ಸೀಮೆಯ ಜನರು ಹೇಳಿಕೊಳ್ಳುತ್ತಿದ್ದುದನ್ನು ಹೇಳಿದಂತೆಯೇ ಬರೆದು ೧೯೧೦ರಲ್ಲಿ ಪ್ರಕಟಿಸಿದರು. ಕಥೆಯನ್ನು ಹೇಳಿದ ಜನರ ಬಾಳನ್ನು ಅವರು ಅದರೊಳಗೆ ಕಂಡರು.

ಮಕ್ಕಳನ್ನು ಬೆಳೆಸುವವರಿಗೆ ಇವರಿಬ್ಬರೂ ಬೇಕು. ಕಪ್ಪಾ ಎಂಬ ಪ್ರಾಣಿ ಇಲ್ಲವೆಂದು ಮಗುವಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಾಗೆ ಹೇಳಿದ ಮೇಲೆ, ಹೊಳೆಯ ಸುಳಿ ಇರುವುದು ನಿಜ, ಆ ಸುಳಿಯಲ್ಲಿ ಮಕ್ಕಳು ಮುಳುಗಿದ್ದು ನಿಜ, ಇನ್ನೊಬ್ಬರ ಮಗುವಾದರೂ ಉಳಿಯಲೆಂದು ಯಾರೋ ತಾಯಂದಿರು ಈ ಕಥೆಯನ್ನು ಹೇಳುತ್ತ ಬಂದರೆಂಬುದನ್ನೂ ತಿಳಿಸಬೇಕು. ಆಗ ಮಗುವಿಗೆ ಮೂಢನಂಬಿಕೆಯೂ ಅಂಟದು, ಹಿಂದಿನವರ ವಿಷಯದಲ್ಲಿ ತಾತ್ಸಾರವೂ ಹುಟ್ಟದು.

ಚಿತ್ರವನ್ನು ತೋರಿಸುವ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಈಗ ಹೇಳಬಹುದು. ಇದು ಎಳೆಯ ಕೂಸುಗಳಿಗೆ ತಕ್ಕುದಲ್ಲ. ಯೋಕಾಯ್‌ಗಳನ್ನು ಕುಲುಮೆಗೆ ತಳ್ಳುವ ನೋಟಗಳು ನಿಜವಾಗಿಯೂ ಉಗ್ರವಾಗಿವೆ. ಮುದ್ದಾದ ಸುನೆಕೊಸುರಿಯ ಪಾಡನ್ನು ಕಂಡು ದೊಡ್ಡವರ ಕಣ್ಣೂ ಒದ್ದೆಯಾದೀತು. ಒಂಬತ್ತು ಹತ್ತು ವರುಷ ದಾಟಿದ ಮಕ್ಕಳು ನೋಡಬಹುದು. ಆದರೆ ಒಂಟಿಯಾಗಿ ಕೂಡದು. ಹಿರಿಯರು ಪಕ್ಕದಲ್ಲಿ ಕುಳಿತಿರಬೇಕು. ಮಧ್ಯೆ ಮಗು ಪ್ರಶ್ನೆ ಕೇಳಿದರೆ ಸುಮ್ಮನಿರೆಂದು ಗದರಿಸಕೂಡದು. ಮುಗಿದ ಮೇಲೆ ದೀಪ ಹಚ್ಚಿ, ಏನಾದರೂ ತಿನ್ನಲು ಕೊಟ್ಟು, ಯಾವುದಕ್ಕೆ ಹೆಚ್ಚು ಹೆದರಿಕೆಯಾಯಿತೆಂದು ಕೇಳಬೇಕು. ಹೆದರಿದೆನೆಂದು ಬಾಯಿಬಿಟ್ಟು ಹೇಳಿದ ಮಗುವಿನ ಹೆದರಿಕೆ ಆಗಲೇ ಅರ್ಧ ಇಳಿದಂತೆ. ಹೆದರುವವನು ಗಂಡಸಲ್ಲವೆಂದು ಹುಡುಗರಿಗೂ, ಹೆಣ್ಣು ಹೆದರುವುದು ಸಹಜವೆಂದು ಹುಡುಗಿಯರಿಗೂ ಹೇಳಬೇಡಿರಿ. ತದಾಶಿಯು ಬೆಟ್ಟದಿಂದ ಓಡಿದನು, ಮತ್ತೆ ಹೋದನು. ಇದೇ ಪಾಠ ಇಬ್ಬರಿಗೂ ಸಾಕು.

ಚಿತ್ರದ ಕೊನೆಯಲ್ಲಿ ಒಂದು ಸಣ್ಣ ನೋಟವಿದೆ. ವರುಷಗಳು ಕಳೆದು ತದಾಶಿಯು ದೊಡ್ಡವನಾಗಿದ್ದಾನೆ. ಸುನೆಕೊಸುರಿಯು ಅವನ ಬಳಿಗೆ ಬರುತ್ತದೆ. ಅವನಿಗೆ ಅದು ಕಾಣಿಸುವುದಿಲ್ಲ. ಅದಕ್ಕೆ ಅವನು ಕಾಣುತ್ತಾನೆ, ಅವನಿಗೆ ಅದಿಲ್ಲ. ಮಕ್ಕಳು ಇದನ್ನು ನೋಡಿ ಮರುಗುತ್ತಾರೆ. ಹಿರಿಯರಿಗೆ ಇದು ಮಾತಿಲ್ಲದ ಎಚ್ಚರಿಕೆ. ನಮ್ಮ ಮಕ್ಕಳು ಯಾವುದಕ್ಕೆ ಹೆದರುತ್ತಾರೆಂಬುದು ನಮಗೆ ಕಾಣದೆ ಹೋಗುವ ಕಾಲವೊಂದು ಬರುತ್ತದೆ. ಕಾಣದುದರಿಂದ ಅದು ಇಲ್ಲವೆಂದು ಬಗೆಯುತ್ತೇವೆ. ಹೊಸ ಶಾಲೆ, ಮನೆಯೊಳಗಿನ ಜಗಳ, ತಾತನ ಮರೆವು, ಜೊತೆಯವರ ಕೀಟಲೆ, ಇವೇ ತದಾಶಿಯ ನಿಜವಾದ ಯೋಕಾಯ್‌ಗಳಾಗಿದ್ದವೆಂಬುದನ್ನು ಅವನ ಮನೆಯವರಲ್ಲಿ ಯಾರೂ ಕೇಳಿ ತಿಳಿದಿರಲಿಲ್ಲ.

ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಹಲವರು ಈಗ ತಾಯಂದಿರು, ಕೆಲವರು ಅಜ್ಜಿಯರು. ನೊನ್‌ನೊನ್‌ಬಾಳಿಗೆ ಇದ್ದದ್ದು ಒಂದು ಬಾಯಿ, ಒಂದಿಷ್ಟು ಬಿಡುವು, ಮಗುವಿನ ಮೇಲೆ ಅಕ್ಕರೆ, ಇಷ್ಟೇ. ಅಷ್ಟು ನಿಮ್ಮಲ್ಲಿಯೂ ಇದೆ. ಚಲಚ್ಚಿತ್ರವನ್ನು ತೋರಿಸಿರಿ, ಬಿಡಿರಿ, ಅದು ನಿಮ್ಮ ಇಷ್ಟ. ಆದರೆ ವಾರಕ್ಕೆ ಒಂದು ರಾತ್ರಿಯಾದರೂ ನಿಮ್ಮ ಬಾಯಿಂದಲೇ ಒಂದು 

ಕಥೆಯನ್ನು ಹೇಳಿರಿ. ಅದರಲ್ಲಿ ಹೆದರಿಕೆ ಇದ್ದರೂ ಇರಲಿ. ಅದನ್ನು ದಾಟುವ ಉಪಾಯವನ್ನು ಮಾತ್ರ ಹೇಳದೆ ಮಗುವನ್ನು ಮಲಗಿಸಬೇಡಿರಿ.